ಸಾರದಲ್ಲಿ ಉಳಿದ ದ್ರಾವಕ ತೆಗೆಯಲು ವ್ಯಾಕ್ಯೂಮ್ ಚೇಂಬರ್: ಆಯ್ಕೆಯಿಂದ ಬಳಕೆಯವರೆಗೆ

ಗಿಡಮೂಲಿಕೆಯ ಸಾರವನ್ನು ಎಥನಾಲ್‌ನಲ್ಲಿ ತೆಗೆದು, ಸೋಸಿ, ದ್ರಾವಕವನ್ನು ಬಟ್ಟಿ ಇಳಿಸಿದ ಮೇಲೂ ತಳದಲ್ಲಿ ಉಳಿಯುವ ಅಂಟು ಪದಾರ್ಥದೊಳಗೆ ಒಂದಷ್ಟು ದ್ರಾವಕ ಸಿಕ್ಕಿಕೊಂಡೇ ಇರುತ್ತದೆ. ಬರೀ ಕಾಯಿಸಿ ಅದನ್ನು ಓಡಿಸಲು ಹೋದರೆ ದ್ರಾವಕ ಹೋಗುವ ಮೊದಲೇ ಸಾರದ ಬಣ್ಣ, ಪರಿಮಳ ಕೆಡುತ್ತವೆ. ಒತ್ತಡ ಇಳಿಸಿದರೆ ಕುದಿಬಿಂದುವೂ ಇಳಿಯುವುದರಿಂದ ಕಡಿಮೆ ಬಿಸಿಯಲ್ಲೇ ಕೆಲಸ ಆಗುತ್ತದೆ. ಒಳಗಿನ ಗಾಳಿಯನ್ನು ಪಂಪ್‌ನಿಂದ ಎಳೆದು ಒತ್ತಡ ಇಳಿಸುವ ಗಟ್ಟಿ ಪಾತ್ರೆ, ಅಂದರೆ ವ್ಯಾಕ್ಯೂಮ್ ಚೇಂಬರ್, ಬೇಕಾಗುವುದು ಇದಕ್ಕೇ.

ಆದರೆ ಪಂಪ್ ಜೋರಾಗಿದ್ದಷ್ಟೂ ಕೆಲಸ ಬೇಗ ಎಂದುಕೊಂಡರೆ ಅಲ್ಲೇ ಎಡವುತ್ತೇವೆ. ದ್ರಾವಕವನ್ನು ಸಾರದೊಳಗೆ ಹಿಡಿದಿಡುವುದು ಮುಖ್ಯವಾಗಿ ಪದರದ ದಪ್ಪ ಮತ್ತು ಶಾಖದ ಕೊರತೆ. ನಿರ್ವಾತ ಸಾಲದೆ ಕೆಲಸ ನಿಲ್ಲುವುದು ಅಪರೂಪ. ಹೊರಬಂದ ಆವಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಮೊದಲೇ ಯೋಚಿಸಿರಬೇಕು. ಇಲ್ಲಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಆ ಆವಿಯಿಂದಲೇ.

ಇಲ್ಲಿ ಹೇಳುವುದು ಎಥನಾಲ್, ಈಥೈಲ್ ಅಸಿಟೇಟ್, ಹೆಕ್ಸೇನ್‌ನಂಥ ದ್ರವರೂಪದ ದ್ರಾವಕಗಳಿಗೆ, ಪ್ರಯೋಗಾಲಯ ಅಥವಾ ಪರವಾನಗಿ ಇರುವ ತಯಾರಿಕಾ ಘಟಕಕ್ಕೆ ಅನ್ವಯಿಸುತ್ತದೆ. ಬ್ಯುಟೇನ್, ಪ್ರೊಪೇನ್ ಬಳಸಿ ತೆಗೆದ ಸಾರವನ್ನು ಇಂಥ ಜೋಡಣೆಯಲ್ಲಿ ಇಡಲೇಬೇಡಿ. ಅವು ದ್ರಾವಕ ಹೊರಬಾರದೆ ಒಳಗೊಳಗೇ ಸುತ್ತುವ, ಪ್ರಮಾಣೀಕೃತ ಯಂತ್ರಗಳಲ್ಲಿ ಮಾತ್ರ ಆಗಬೇಕಾದ ಕೆಲಸ. ಈಥರ್ ಕೂಡ ಬೇಡ. ಅದು ಪೆರಾಕ್ಸೈಡ್ ಕಟ್ಟಿಕೊಳ್ಳುತ್ತದೆ, ಒಣಗುವ ಕೊನೆಯ ಹಂತದಲ್ಲಿ ಸ್ಫೋಟಿಸಬಹುದು.

ಮೊದಲು ಲೆಕ್ಕ

ಎಥನಾಲ್ ಸಾಮಾನ್ಯ ಒತ್ತಡದಲ್ಲಿ, ಅಂದರೆ 1013 ಮಿಲಿಬಾರ್‌ನಲ್ಲಿ, 78 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. 40 ಡಿಗ್ರಿಯಲ್ಲಿ ಅದರ ಆವಿಯ ಒತ್ತಡ ಸುಮಾರು 180 ಮಿಲಿಬಾರ್, 20 ಡಿಗ್ರಿಯಲ್ಲಿ ಸುಮಾರು 59. ಅಂದರೆ 40 ಡಿಗ್ರಿಗೆ ಬಿಸಿ ಮಾಡಿದ ಎಥನಾಲ್ 180 ಮಿಲಿಬಾರ್‌ಗೆ ಇಳಿಸಿದರೆ ಸಾಕು, ಕುದಿಯುತ್ತದೆ. ಸಾರದಲ್ಲಿ ಕರಗಿರುವ ಎಥನಾಲ್ ಕಡಿಮೆಯಾದಂತೆ ಈ ಒತ್ತಡವೂ ಇಳಿಯುತ್ತಾ ಹೋಗುತ್ತದೆ, ಹಾಗಾಗಿ ಕೊನೆಗೆ 10 ಮಿಲಿಬಾರ್ ಆಸುಪಾಸಿಗೆ ಹೋಗಬೇಕಾಗುತ್ತದೆ. ಅದಕ್ಕಿಂತ ಬಹಳ ಕೆಳಗೆ ಹೋಗುವ ಅಗತ್ಯ ವಿರಳ. ಪರಿಮಳವಿರುವ ಸಾರದಲ್ಲಂತೂ ಅದು ನಷ್ಟವೇ: ನಿಂಬೆ ಜಾತಿಯ ಸಿಪ್ಪೆಗಳ ಘಮ ಕೊಡುವ ಲಿಮೊನೀನ್‌ನ ಆವಿಯ ಒತ್ತಡ 25 ಡಿಗ್ರಿಯಲ್ಲಿ ಸುಮಾರು 2 ಮಿಲಿಬಾರ್ ಇದೆ. ಅದಕ್ಕಿಂತ ಕೆಳಗಿಳಿದರೆ ದ್ರಾವಕದ ಜೊತೆ ಪರಿಮಳವೂ ಪಂಪ್‌ನ ಪಾಲು.

ಇನ್ನೊಂದು ಲೆಕ್ಕ ಆವಿಯ ಗಾತ್ರದ್ದು. 10 ಮಿ.ಲೀ. ಎಥನಾಲ್ ಆವಿಯಾದರೆ 50 ಮಿಲಿಬಾರ್‌ನಲ್ಲಿ ಸುಮಾರು 84 ಲೀಟರ್ ಜಾಗ ತುಂಬುತ್ತದೆ, 10 ಮಿಲಿಬಾರ್‌ನಲ್ಲಿ 420 ಲೀಟರ್, 1 ಮಿಲಿಬಾರ್‌ನಲ್ಲಿ 4200 ಲೀಟರ್. ನಿಮಿಷಕ್ಕೆ 30 ಲೀಟರ್ ಎಳೆಯುವ ಪಂಪ್‌ಗೆ ಮೊದಲನೆಯದು ಮೂರು ನಿಮಿಷದ ಕೆಲಸ, ಕೊನೆಯದು ಎರಡು ಗಂಟೆಗೂ ಮಿಕ್ಕಿದ್ದು. ಆದ್ದರಿಂದ ಧಾರಾಳ ದ್ರಾವಕವಿರುವ ಸಾರವನ್ನು ನೇರವಾಗಿ ಚೇಂಬರ್‌ಗೆ ಇಡಬಾರದು. ಫ್ಲಾಸ್ಕ್ ತಿರುಗಿಸುತ್ತಾ ಕಡಿಮೆ ಒತ್ತಡದಲ್ಲಿ ಬಟ್ಟಿ ಇಳಿಸುವ ರೋಟರಿ ಇವ್ಯಾಪೊರೇಟರ್‌ನಲ್ಲಿ ತೆಗೆಯಬಹುದಾದಷ್ಟನ್ನು ತೆಗೆದು, ಇನ್ನು ಹರಿಯಲೊಲ್ಲದು ಎನ್ನುವ ಹದಕ್ಕೆ ಬಂದ ಮೇಲೆ ಚೇಂಬರ್‌ಗೆ ತನ್ನಿ.

ಚೇಂಬರ್ ಕೊಳ್ಳುವಾಗ

ಬೇಕಾದ ಅಗಲದಿಂದ ಲೆಕ್ಕ ಶುರು ಮಾಡಿ, ಲೀಟರ್‌ನಿಂದಲ್ಲ. 100 ಗ್ರಾಂ ಸಾರವನ್ನು 2 ಮಿ.ಮೀ. ದಪ್ಪಕ್ಕೆ ಹರಡಲು ಸುಮಾರು 500 ಚದರ ಸೆಂ.ಮೀ. ಜಾಗ ಬೇಕು, ಅಂದರೆ 25 ಸೆಂ.ಮೀ. ವ್ಯಾಸದ ತಟ್ಟೆ. ಅದು ಸಲೀಸಾಗಿ ಕೂರಲು ಚೇಂಬರ್‌ನ ಒಳವ್ಯಾಸ 30 ಸೆಂ.ಮೀ. ಇರಲಿ. ನೊರೆ ಉಕ್ಕಿ ಏಳುವುದರಿಂದ ತಟ್ಟೆಗೆ 4-5 ಸೆಂ.ಮೀ. ಅಂಚು, ಅದರ ಮೇಲೆ ಇನ್ನೂ ಒಂದು ಗೇಣು ಖಾಲಿ ಜಾಗ ಇರಬೇಕು. ಅನಗತ್ಯವಾಗಿ ದೊಡ್ಡ ಚೇಂಬರ್ ಕೊಂಡರೆ ಪಂಪ್‌ಗೆ ಹೊರೆ, ಅಪಾಯವೂ ಹೆಚ್ಚು.

ಅಪಾಯ ಎಂದದ್ದು ಏಕೆಂದರೆ, 30 ಸೆಂ.ಮೀ. ವ್ಯಾಸದ ಮುಚ್ಚಳದ ಮೇಲೆ ಪೂರ್ತಿ ನಿರ್ವಾತದಲ್ಲಿ ಬೀಳುವ ಭಾರ ಸುಮಾರು 730 ಕೆ.ಜಿ. ಅಷ್ಟನ್ನೂ ಹೊತ್ತು ನಿಂತಿರುವ ಮುಚ್ಚಳದಲ್ಲಿ ಒಂದು ಗೀರು ಬಿದ್ದಿದ್ದರೆ ಏನಾಗಬಹುದೆಂದು ಊಹಿಸಿ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಸ್ಟೀಲ್ ಪಾತ್ರೆಯ ಚೇಂಬರ್‌ಗಳಿಗೆ ಬಹುಪಾಲು ಅಕ್ರಿಲಿಕ್ ಮುಚ್ಚಳ ಇರುತ್ತದೆ. ರೆಸಿನ್, ಸಿಲಿಕೋನ್ ಅಚ್ಚುಗಳ ಗುಳ್ಳೆ ತೆಗೆಯಲು ಅದು ಸರಿ. ದ್ರಾವಕದ ಕೆಲಸಕ್ಕೆ ಮಾತ್ರ ಬೇಡವೇ ಬೇಡ. ಎಥನಾಲ್ ಆವಿ ತಗುಲಿದ ಅಕ್ರಿಲಿಕ್‌ನಲ್ಲಿ, ಬಾಗಿ ಎಳೆತಕ್ಕೆ ಸಿಕ್ಕಿರುವ ಜಾಗದಲ್ಲೇ, ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಬೆಳ್ಳಿದಾರ ಹರಡಿದ ಹಾಗೆ ಮಿನುಗುತ್ತವೆ. ಅಸಿಟೋನ್, ಈಥೈಲ್ ಅಸಿಟೇಟ್ ಆದರೆ ಅಕ್ರಿಲಿಕ್ ಕರಗಿಯೇ ಹೋಗುತ್ತದೆ. ಇಂಥ ಮುಚ್ಚಳ ಇವತ್ತು ತಡೆದುಕೊಂಡಿತು ಎಂದರೆ ನಾಳೆಯೂ ತಡೆಯುತ್ತದೆ ಎಂದಲ್ಲ.

ಬೇಕಾದದ್ದು ನಿರ್ವಾತಕ್ಕೆಂದೇ ತಯಾರಕರು ಪರೀಕ್ಷಿಸಿಕೊಟ್ಟ ದಪ್ಪ ಟೆಂಪರ್ಡ್ ಗಾಜಿನ ಮುಚ್ಚಳ, ಇಲ್ಲವೇ ಸ್ಟೀಲ್ ಮುಚ್ಚಳದಲ್ಲಿ ಚಿಕ್ಕ ಗಾಜಿನ ಕಿಂಡಿ. ಗಾಜಿನ ಮೇಲೆ ಹೊರಗಡೆಯಿಂದ ಪಾಲಿಕಾರ್ಬೊನೇಟ್ ಹಾಳೆಯ ಕವಚ ಇಡಿ. ಅಡುಗೆಮನೆಯ ಪ್ರೆಶರ್ ಕುಕ್ಕರ್, ಉಪ್ಪಿನಕಾಯಿ ಜಾಡಿ, ಮನೆಯಲ್ಲೇ ಕತ್ತರಿಸಿದ ಗಾಜು ಯಾವುದೂ ಬದಲಿಯಾಗಲಾರವು. ಒಳಗಿನಿಂದ ಒತ್ತಡ ತಡೆಯುವ ಪಾತ್ರೆ ಹೊರಗಿನ ಒತ್ತಡವನ್ನೂ ತಡೆಯುತ್ತದೆ ಎಂದೇನಿಲ್ಲ.

ಮುಚ್ಚಳದ ಅಂಚಿನಲ್ಲಿ ಗಾಳಿ ಸೋರದಂತೆ ಕೂರುವ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ಅದರ ಆಯ್ಕೆ ದ್ರಾವಕದ ಮೇಲೆ ನಿಂತಿದೆ. ಎಥನಾಲ್‌ಗೆ ಸಿಲಿಕೋನ್ ಅಥವಾ ಇಪಿಡಿಎಂ ರಬ್ಬರ್ ಸಾಕು. ಹೆಕ್ಸೇನ್‌ಗೆ ಇವೆರಡೂ ಉಬ್ಬುತ್ತವೆ, ಅಲ್ಲಿ ವೈಟಾನ್ ಎಂಬ ಫ್ಲೋರಿನ್ ರಬ್ಬರ್ ಹಾಕಿ. ಆದರೆ ಅದೇ ವೈಟಾನ್ ಅಸಿಟೋನ್, ಈಥೈಲ್ ಅಸಿಟೇಟ್‌ಗೆ ಸೋಲುತ್ತದೆ. ಒಂದೇ ಚೇಂಬರ್‌ನಲ್ಲಿ ಬೇರೆ ಬೇರೆ ದ್ರಾವಕ ಬಳಸುವವರು ಗ್ಯಾಸ್ಕೆಟ್‌ಗಳನ್ನೂ ಜೋಡಿಯಾಗಿ ಇಟ್ಟುಕೊಳ್ಳಬೇಕು.

ಬಿಸಿ ಮಾಡುವ ವ್ಯವಸ್ಥೆ ಇರುವ ವ್ಯಾಕ್ಯೂಮ್ ಓವನ್ ಕೊಳ್ಳುವುದಾದರೆ, ಸುಡುವ ದ್ರಾವಕಗಳಿಗೆ ಯೋಗ್ಯ ಎಂದು ತಯಾರಕರು ಬರವಣಿಗೆಯಲ್ಲಿ ಕೊಟ್ಟಿರುವುದನ್ನೇ ಕೊಳ್ಳಿ. ಸಾಮಾನ್ಯ ಓವನ್‌ಗಳನ್ನು ನೀರು ಒಣಗಿಸಲು ಮಾಡಿರುತ್ತಾರೆ. ಬರೀ ಚೇಂಬರ್ ಆದರೆ ಹೊರಗಿನಿಂದ ಬಿಸಿನೀರು ಸುತ್ತಿಸುವ ಜಾಕೆಟ್ ಒಳ್ಳೆಯ ದಾರಿ. ಬಿಸಿನೀರಿನ ಸರ್ಕ್ಯುಲೇಟರ್ ದೂರ ಇಡಬಹುದು, ಚೇಂಬರ್ ಬಳಿ ವಿದ್ಯುತ್ ಸ್ವಿಚ್ಚೇ ಇರುವುದಿಲ್ಲ.

ಪಂಪ್, ಟ್ರ್ಯಾಪ್, ಗೇಜ್

ದ್ರಾವಕದ ಕೆಲಸಕ್ಕೆ ಹೇಳಿ ಮಾಡಿಸಿದ್ದು ಪಿಟಿಎಫ್‌ಇ (ಟೆಫ್ಲಾನ್) ಡಯಾಫ್ರಾಮ್, ಅಂದರೆ ಅಲುಗಾಡುವ ಪೊರೆ, ಇರುವ ಎಣ್ಣೆಯಿಲ್ಲದ ಪಂಪ್. ಎರಡು ಹಂತದ್ದು ಸುಮಾರು 10 ಮಿಲಿಬಾರ್‌ವರೆಗೆ, ಮೂರು ಹಂತದ್ದು 2 ಮಿಲಿಬಾರ್ ಹತ್ತಿರಕ್ಕೆ ಇಳಿಸುತ್ತವೆ. ಮೇಲಿನ ಲೆಕ್ಕದ ಪ್ರಕಾರ ಇಷ್ಟೇ ನಮಗೆ ಬೇಕಾದದ್ದು. ಎಣ್ಣೆಯ ರೋಟರಿ ವೇನ್ ಪಂಪ್ ಇನ್ನೂ ಆಳಕ್ಕೆ ಹೋಗುತ್ತದೆ, ಆದರೆ ದ್ರಾವಕದ ಆವಿ ಎಣ್ಣೆಯಲ್ಲಿ ಕರಗಿ ಎಣ್ಣೆ ತೆಳುವಾಗುತ್ತದೆ, ತೇವವೂ ಸೇರಿದರೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಪಂಪ್ ಸವೆಯುತ್ತದೆ. ಅನಿವಾರ್ಯವಾಗಿ ಬಳಸುವುದಾದರೆ ಗ್ಯಾಸ್ ಬ್ಯಾಲಸ್ಟ್ (ಚೂರು ಗಾಳಿ ಒಳಬಿಟ್ಟು ಪಂಪ್‌ನೊಳಗೆ ಆವಿ ದ್ರವವಾಗದಂತೆ ತಡೆಯುವ ವಾಲ್ವ್) ತೆರೆದಿಟ್ಟು ಓಡಿಸಿ, ಎಣ್ಣೆಯನ್ನು ಆಗಾಗ ನೋಡಿ. ಎಸಿ ರಿಪೇರಿಯವರ ಪಂಪ್ ಅಗ್ಗ ಎಂದು ತರುವವರಿದ್ದಾರೆ. ಅದರ ಮೋಟಾರು, ಸ್ವಿಚ್ಚು ಸುಡುವ ಆವಿಯ ನಡುವೆ ಓಡಲು ಮಾಡಿದ್ದಲ್ಲ. ಹೊರದಾರಿಯಲ್ಲಿ ಬರುವ ಎಥನಾಲ್ ಆವಿ ಅದೇ ಸ್ವಿಚ್ಚಿನ ಪಕ್ಕದಲ್ಲೇ ಸುಳಿದಾಡುತ್ತದೆ.

ಚೇಂಬರ್ ಮತ್ತು ಪಂಪ್ ನಡುವೆ ಕೋಲ್ಡ್ ಟ್ರ್ಯಾಪ್ ಇರಲೇಬೇಕು. ಆವಿ ಅಲ್ಲಿ ದ್ರವವಾಗಿ ನಿಂತರೆ ಪಂಪ್ ಉಳಿಯುತ್ತದೆ, ಕೋಣೆಯ ಗಾಳಿಯೂ ಉಳಿಯುತ್ತದೆ. ಮೈನಸ್ 40 ಡಿಗ್ರಿಯ ಯಾಂತ್ರಿಕ ಟ್ರ್ಯಾಪ್ ಅನುಕೂಲ. ಒಣಮಂಜುಗಡ್ಡೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಾಕಿದರೆ ಮೈನಸ್ 78ರ ಹತ್ತಿರ ಸಿಗುತ್ತದೆ, ಆದರೆ ಅದು ಬಿಡುವ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿಸುತ್ತದೆ. ದ್ರವ ಸಾರಜನಕ ಬೇಡ: ಎಲ್ಲೋ ಸಣ್ಣ ಸೋರಿಕೆಯಿದ್ದು ಗಾಳಿ ಒಳಬಂದರೆ ಟ್ರ್ಯಾಪ್‌ನಲ್ಲಿ ದ್ರವ ಆಮ್ಲಜನಕ ಕೂಡಿಕೊಳ್ಳುತ್ತದೆ, ಅದು ದ್ರಾವಕದ ಜೊತೆ ಸೇರಿದರೆ ಸ್ಫೋಟಕ. ಟ್ರ್ಯಾಪ್ ಅರ್ಧ ತುಂಬುವ ಮೊದಲೇ ಖಾಲಿ ಮಾಡಿ.

ಪಂಪ್‌ನ ಹೊರದಾರಿಗೆ ಕೊಳವೆ ಹಾಕಿ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ಗೋ, ಕಟ್ಟಡದ ಹೊರಗೆ ಬೆಂಕಿಯಿಲ್ಲದ ಜಾಗಕ್ಕೋ ಒಯ್ಯಿರಿ. ಎಥನಾಲ್ ಆವಿ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಹೆಕ್ಸೇನ್ ಆವಿ ಸುಮಾರು ಮೂರು ಪಟ್ಟು. ಎರಡೂ ನೆಲ ಹಿಡಿದು ಹರಿದು ದೂರದ ಫ್ರಿಜ್ಜು, ಹೀಟರುಗಳ ಕಿಡಿಯವರೆಗೂ ತಲುಪುತ್ತವೆ. ಕೊಳವೆಗಳು ದಪ್ಪ ಗೋಡೆಯ ವ್ಯಾಕ್ಯೂಮ್ ಹೋಸ್ ಆಗಿರಲಿ, ಒಳವ್ಯಾಸ 8 ಮಿ.ಮೀ.ಗೆ ಕಡಿಮೆ ಬೇಡ.

ಒತ್ತಡ ತೋರಿಸುವ ಗೇಜ್ ಬಗ್ಗೆ ಬಹಳ ಜನ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಡಿಸಿಕೊಳ್ಳಬೇಕು. ಚೇಂಬರ್ ಜೊತೆ ಬರುವ ಮುಳ್ಳಿನ ಗೇಜ್ ಹೊರಗಿನ ಗಾಳಿಯ ಒತ್ತಡಕ್ಕೆ ಹೋಲಿಸಿ ತೋರಿಸುತ್ತದೆ. ಎತ್ತರದ ಊರುಗಳಲ್ಲಿ ಹೊರಗಿನ ಒತ್ತಡವೇ ಕಡಿಮೆ, ಹಾಗಾಗಿ ಅಲ್ಲಿ ಮುಳ್ಳು ಕೊನೆಯ ಗೆರೆ ಮುಟ್ಟುವುದೇ ಇಲ್ಲ, ಪಂಪ್ ಕೆಟ್ಟಿದೆ ಎಂದು ಜನ ಗಾಬರಿಯಾಗುತ್ತಾರೆ. 10 ಮಿಲಿಬಾರೋ 40 ಮಿಲಿಬಾರೋ ಎಂದು ಅದರಲ್ಲಿ ತಿಳಿಯದು. ಅನಿಲ ಎಷ್ಟು ಶಾಖ ಒಯ್ಯುತ್ತದೆ ಎಂಬುದರಿಂದ ಒತ್ತಡ ಹೇಳುವ ಪಿರಾನಿ ಗೇಜ್ ಅನಿಲದ ಬಗೆಗೆ ತಕ್ಕಂತೆ ಬೇರೆ ಬೇರೆ ಓದು ಕೊಡುತ್ತದೆ, ಅದನ್ನು ಹೊಂದಿಸಿರುವುದು ಸಾರಜನಕಕ್ಕೆ. ದ್ರಾವಕದ ಆವಿಯಲ್ಲೂ ನಂಬಬಹುದಾದದ್ದು, ಒತ್ತಡಕ್ಕೆ ಪೊರೆ ಬಾಗುವುದನ್ನೇ ಅಳೆಯುವ ಕೆಪ್ಯಾಸಿಟೆನ್ಸ್ ಅಥವಾ ಸೆರಾಮಿಕ್ ಡಯಾಫ್ರಾಮ್ ಗೇಜ್.

ಖಾಲಿ ಚೇಂಬರ್‌ನಲ್ಲಿ ಪರೀಕ್ಷೆ

ಹೊಸ ಜೋಡಣೆಗೆ ಸಾರ ಇಡುವ ಮುನ್ನ ಖಾಲಿಯಾಗಿ ಓಡಿಸಿ. ಪಂಪ್‌ನಿಂದ ಆದಷ್ಟು ಕೆಳಗಿಳಿಸಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಎರಡೆರಡು ನಿಮಿಷಕ್ಕೊಮ್ಮೆ ಒತ್ತಡ ಬರೆದುಕೊಳ್ಳಿ. ಒಂದೇ ವೇಗದಲ್ಲಿ ಏರುತ್ತಲೇ ಹೋದರೆ ಸೋರಿಕೆ. ಮೊದಲು ಏರಿ ಆಮೇಲೆ ನಿಧಾನವಾಗಿ ನಿಂತರೆ ಗೋಡೆಗೆ ಅಂಟಿದ ತೇವ ಅಥವಾ ಹಳೆಯ ದ್ರಾವಕ ಬಿಡುತ್ತಿದೆ ಎಂದರ್ಥ. ಸೋರಿಕೆ ಇದ್ದರೆ ಗ್ಯಾಸ್ಕೆಟ್ ಒರೆಸಿ, ಅಂಚಿನಲ್ಲಿ ಕೂದಲು, ಒಣಗಿದ ಸಾರದ ತುಣುಕು ಇದೆಯೇ ನೋಡಿ. ಸಾಮಾನ್ಯವಾಗಿ ಅಷ್ಟೇ ಇರುತ್ತದೆ.

ಕೆಲಸದ ಕ್ರಮ

1. ಸುತ್ತಮುತ್ತ ಬೆಂಕಿ, ಹಾಟ್‌ಪ್ಲೇಟ್, ತೆರೆದ ಸ್ವಿಚ್ ಇಲ್ಲವೆಂದು ನೋಡಿ. ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳುವ ಕನಿಷ್ಠ ಬಿಸಿ) 13 ಡಿಗ್ರಿ, ಈಥೈಲ್ ಅಸಿಟೇಟ್‌ದು ಮೈನಸ್ 4, ಹೆಕ್ಸೇನ್‌ದು ಮೈನಸ್ 20ಕ್ಕೂ ಕೆಳಗೆ. ಅಂದರೆ ಕೋಣೆಯ ಬಿಸಿಯಲ್ಲೇ ಮೂರಕ್ಕೂ ಕಿಡಿ ಸಾಕು. ಲೋಹದ ಚೇಂಬರ್‌ಗೆ ಅರ್ಥಿಂಗ್ ಕೊಡಿ. ಎಕ್ಸಾಸ್ಟ್ ಓಡುತ್ತಿರಲಿ, ಒಣಪುಡಿಯ ಅಗ್ನಿಶಾಮಕ ಕೈಗೆಟುಕುವಲ್ಲಿರಲಿ. ಕನ್ನಡಕದ ಮೇಲೆ ಮುಖದ ಕವಚವನ್ನೂ ಹಾಕಿ.

2. ಟ್ರ್ಯಾಪ್ ಮೊದಲು ತಣ್ಣಗಾಗಲಿ. ಪಂಪ್ ಆಮೇಲೆ.

3. ತಟ್ಟೆಯನ್ನು ಖಾಲಿಯಾಗಿ ತೂಗಿ ಬರೆದಿಡಿ. ಸಾರವನ್ನು 40 ಡಿಗ್ರಿಗೆ ಬೆಚ್ಚಗೆ ಮಾಡಿ ಗಾಜಿನ ಅಥವಾ ಪಿಟಿಎಫ್‌ಇ ಹಾಸಿದ ತಟ್ಟೆಯಲ್ಲಿ 2 ಮಿ.ಮೀ. ದಪ್ಪಕ್ಕೆ ಹರಡಿ, ಮತ್ತೆ ತೂಗಿ. ದಪ್ಪದ ವಿಷಯದಲ್ಲಿ ಆಸೆ ಪಡಬೇಡಿ: ಗಟ್ಟಿ ಸಾರದೊಳಗಿಂದ ದ್ರಾವಕ ಮೇಲೆ ಬರುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪದರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು.

4. ತಾಪಮಾಪಕದ ತುದಿ ಸಾರವನ್ನೇ ಮುಟ್ಟುವ ಹಾಗೆ ಇಡಿ. ನಿರ್ವಾತದಲ್ಲಿ ಶಾಖ ಹೊತ್ತು ತಿರುಗುವ ಗಾಳಿ ಇರುವುದಿಲ್ಲ, ಹಾಗಾಗಿ ಗೋಡೆಯ ಬಿಸಿ ಬೇರೆ, ಸಾರದ ಬಿಸಿ ಬೇರೆ. ತಟ್ಟೆಯ ತಳ ಚೇಂಬರ್‌ನ ಬಿಸಿ ತಳಕ್ಕೆ ಪೂರ್ತಿ ತಾಗಿ ಕೂರಬೇಕು. 100 ಗ್ರಾಂ ಸಾರದಿಂದ 10 ಮಿ.ಲೀ. ಎಥನಾಲ್ ಆವಿಯಾಗಲು ಸುಮಾರು 7 ಕಿಲೋಜೌಲ್ ಶಾಖ ಬೇಕು. ಹೊರಗಿನಿಂದ ಕೊಡದಿದ್ದರೆ ಅದು ಸಾರದಿಂದಲೇ ಹೋಗಿ, ಲೆಕ್ಕದಲ್ಲಿ 30 ಡಿಗ್ರಿಗೂ ಹೆಚ್ಚು ತಣ್ಣಗಾಗುತ್ತದೆ. ಶುರುವಿನಲ್ಲಿ ಭರ್ಜರಿಯಾಗಿ ಗುಳ್ಳೆ ಬಂದು ಆಮೇಲೆ ಸಾರ ಕಲ್ಲಾಗಿ ಕೂರುವುದಕ್ಕೆ ಇದೇ ಕಾರಣ.

5. ಪಂಪ್ ಕಡೆಯ ವಾಲ್ವ್ ಸ್ವಲ್ಪವೇ ತೆರೆದು 400 ಮಿಲಿಬಾರ್‌ಗೆ ಇಳಿಸಿ ನಿಲ್ಲಿಸಿ. ಕಿಂಡಿಯಿಂದ ನೋಡುತ್ತಾ 250, 150, 80, 30 ಹೀಗೆ ಮೆಟ್ಟಿಲಿಳಿಯಿರಿ. ಪ್ರತಿ ಮೆಟ್ಟಿಲಲ್ಲೂ ನೊರೆ ಏರಿ ಇಳಿಯುವವರೆಗೆ ಕಾಯಿರಿ. ನೊರೆ ತಟ್ಟೆಯ ಅಂಚಿನ ಮುಕ್ಕಾಲಿಗೆ ಬಂದರೆ ವಾಲ್ವ್ ಮುಚ್ಚಿ, ಸಾಲದಿದ್ದರೆ ಸಾರಜನಕವನ್ನು ಚೂರು ಒಳಬಿಡಿ. ಈ ಹಂತದಲ್ಲಿ ಬಿಟ್ಟು ಹೋಗುವಂತಿಲ್ಲ.

6. ಕೊನೆಯ ಮೆಟ್ಟಿಲು 10 ಮಿಲಿಬಾರ್, ಸಾರದ ಬಿಸಿ 40ರಿಂದ 45 ಡಿಗ್ರಿ. ಇಲ್ಲಿ ಗಂಟೆಗಟ್ಟಲೆ ಬೇಕಾಗುತ್ತದೆ. ನಡುವೆ ಒಂದೆರಡು ಸಲ ಮುಂದಿನ ಹಂತದ ಕ್ರಮದಲ್ಲೇ ತೆರೆದು, ಸಾರವನ್ನು ಮಗುಚಿ ಮತ್ತೆ ಹರಡಿದರೆ ಸಮಯ ಬಹಳ ಉಳಿಯುತ್ತದೆ.

7. ತೆರೆಯುವ ಮೊದಲು ಬಿಸಿ ನಿಲ್ಲಿಸಿ, 30 ಡಿಗ್ರಿಗೆ ಇಳಿಯಲಿ. ಪಂಪ್ ಕಡೆಯ ವಾಲ್ವ್ ಮುಚ್ಚಿ, ಪಂಪ್‌ಗೆ ಗಾಳಿ ಬಿಟ್ಟು ಆಮೇಲೆ ಆರಿಸಿ. ಎಣ್ಣೆಯ ಪಂಪ್‌ನಲ್ಲಿ ಈ ಕ್ರಮ ತಪ್ಪಿದರೆ ಎಣ್ಣೆ ಹಿಂದಕ್ಕೆ ಬರುತ್ತದೆ. ನಂತರ ಚೇಂಬರ್‌ಗೆ ಸಾರಜನಕವನ್ನು ನಿಧಾನ ಬಿಡಿ.

ಈ ಕೊನೆಯ ಹೆಜ್ಜೆಯನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಎಥನಾಲ್ ಆವಿ ಗಾಳಿಯಲ್ಲಿ 3.3ರಿಂದ 19 ಶೇಕಡಾ ಇದ್ದಾಗ ಹೊತ್ತಿಕೊಳ್ಳುತ್ತದೆ. ನಿರ್ವಾತದಲ್ಲಿ ಚೇಂಬರ್ ತುಂಬ ಬರೀ ಆವಿ, ಆಮ್ಲಜನಕ ಇಲ್ಲ, ಅಪಾಯ ಕಡಿಮೆ. ಅಪಾಯ ಇರುವುದು ಗಾಳಿ ಬಿಡುವಾಗ. 50 ಮಿಲಿಬಾರ್ ಎಥನಾಲ್ ಆವಿ ಇರುವಾಗಲೇ ಗಾಳಿ ಬಿಟ್ಟರೆ ಕೊನೆಗೆ ಒಳಗಿರುವುದು ಶೇಕಡಾ 5ರ ಮಿಶ್ರಣ, ನೇರವಾಗಿ ಹೊತ್ತಿಕೊಳ್ಳುವ ಹದದ್ದು. 10 ಮಿಲಿಬಾರ್‌ಗೆ ಇಳಿಸಿ ಬಿಟ್ಟರೆ ಶೇಕಡಾ 1, ಅಪಾಯದ ಗೆರೆಗಿಂತ ಕೆಳಗೆ, ಆದರೂ ದಾರಿಯಲ್ಲಿ ಆ ಹದವನ್ನು ದಾಟಿಯೇ ಬಂದಿರುತ್ತದೆ. ಹೆಕ್ಸೇನ್‌ಗೆ ಕೆಳಗಿನ ಮಿತಿಯೇ 1.1, ಅಲ್ಲಿ 10 ಮಿಲಿಬಾರ್ ಕೂಡ ಅಂಚಿನಲ್ಲೇ ನಿಂತಂತೆ. ಆದ್ದರಿಂದ ಸಾರಜನಕ ಇಲ್ಲದೆ ಹೆಕ್ಸೇನ್ ಕೆಲಸಕ್ಕೆ ಇಳಿಯಬೇಡಿ. ಸಿಲಿಂಡರ್‌ಗೆ ರೆಗ್ಯುಲೇಟರ್, ಚೇಂಬರ್‌ಗೆ ಹಗುರ ಒತ್ತಡಕ್ಕೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಎರಡೂ ಬೇಕು. ಗಾಜಿನ ಮುಚ್ಚಳದ ಚೇಂಬರ್ ಒಳಗಿನಿಂದ ಬರುವ ಒತ್ತಡವನ್ನು ತಡೆಯಲು ಮಾಡಿದ್ದಲ್ಲ.

ಕೈಕೊಡುವ ಜಾಗಗಳು

ಮೇಲೆ ಹೊಳೆಯುವ ಗಟ್ಟಿ ಪೊರೆ, ಒಳಗೆ ಮೆತ್ತಗೆ: ಶುರುವಿನಲ್ಲೇ ಬಿಸಿ ಹೆಚ್ಚಾಗಿದೆ ಅಥವಾ ಒತ್ತಡ ಒಮ್ಮೆಲೇ ಇಳಿದಿದೆ. ಪೊರೆಯ ಕೆಳಗಿನ ದ್ರಾವಕ ಎಷ್ಟು ಹೊತ್ತಾದರೂ ಹೊರಬರುವುದಿಲ್ಲ. ತೆಗೆದು, ಬೆಚ್ಚಗೆ ಮಾಡಿ, ಕಲಸಿ, ಇನ್ನೂ ತೆಳುವಾಗಿ ಹರಡಿ.

ಒತ್ತಡ 25-30 ಮಿಲಿಬಾರ್ ಬಳಿ ನಿಂತು ಕೆಳಗಿಳಿಯದಿದ್ದರೆ ಪಂಪ್ ಮೇಲೆ ಅನುಮಾನ ಪಡುವ ಮೊದಲು ನೀರನ್ನು ನೆನೆಯಿರಿ. 20 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ 23 ಮಿಲಿಬಾರ್. 95 ಶೇಕಡಾದ ಎಥನಾಲ್ ಬಳಸಿದ್ದರೆ ಕೊನೆಗೆ ಉಳಿಯುವುದು ಬಹುಪಾಲು ನೀರೇ. ಅದು ಹೋಗುವ ತನಕ ಕಾಯಬೇಕು, ಅಥವಾ ಟ್ರ್ಯಾಪ್ ತುಂಬಿದೆಯೇ ನೋಡಬೇಕು.

ದ್ರಾವಕ ಪೂರ್ತಿ ಹೋದ ಮೇಲೂ ಕಹಿ ಉಳಿದರೆ ತಪ್ಪು ಚೇಂಬರ್‌ದಲ್ಲ. ಕುಡಿಯದಂತೆ ಕೆಡಿಸಿದ ಆಲ್ಕೋಹಾಲ್‌ಗೆ ಬೆರೆಸುವ ಡಿನಾಟೋನಿಯಂನಂಥ ವಸ್ತುಗಳು ಆವಿಯಾಗುವುದಿಲ್ಲ. ನಿರ್ವಾತ ಅವನ್ನು ತೆಗೆಯದು, ಸಾರದಲ್ಲಿ ಇನ್ನಷ್ಟು ಸಾಂದ್ರವಾಗಿ ಉಳಿಸುತ್ತದೆ. ಆಹಾರಕ್ಕೆ, ಔಷಧಕ್ಕೆ ಹೋಗುವ ಸಾರವನ್ನು ಅದಕ್ಕೆ ತಕ್ಕ ದರ್ಜೆಯ ದ್ರಾವಕದಲ್ಲೇ ತೆಗೆದಿರಬೇಕು.

ಮುಗಿಯಿತೆಂದು ತಿಳಿಯುವುದು

ಮೂಗನ್ನು ನಂಬಬೇಡಿ, ಗುಳ್ಳೆ ನಿಂತಿತೆಂದೂ ನಂಬಬೇಡಿ. ಗಂಟೆಯ ಅಂತರದಲ್ಲಿ ಎರಡು ಸಲ ತೂಗಿದಾಗ ತೂಕ ಬದಲಾಗದಿದ್ದರೆ ಎಥನಾಲ್ ಮಟ್ಟಿಗೆ ಒಂದು ಸೂಚನೆ ಸಿಕ್ಕಂತೆ. ಆದರೆ ತಕ್ಕಡಿಗೂ ಮಿತಿಯಿದೆ. ಔಷಧಗಳಿಗೆ ಐಸಿಎಚ್ (ಔಷಧ ನಿಯಮಗಳನ್ನು ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿ) ಮಾರ್ಗಸೂಚಿ ಒಪ್ಪುವ ಎಥನಾಲ್ ಶೇಷ 5000 ಪಿಪಿಎಂ (ಹತ್ತು ಲಕ್ಷದಲ್ಲಿ 5000 ಪಾಲು), ಅಂದರೆ 100 ಗ್ರಾಂನಲ್ಲಿ ಅರ್ಧ ಗ್ರಾಂ. ಹೆಕ್ಸೇನ್‌ಗೆ ಬರೀ 290 ಪಿಪಿಎಂ, 100 ಗ್ರಾಂನಲ್ಲಿ 29 ಮಿಲಿಗ್ರಾಂ. ಸಾರ ಗಾಳಿಯಿಂದ ಹೀರುವ ತೇವ, ಕಳೆದುಕೊಳ್ಳುವ ಪರಿಮಳತೈಲ ಇವೆರಡೇ ಆ ಅಂಕಿಯನ್ನು ಮುಚ್ಚಿಹಾಕುತ್ತವೆ. ಯಾರಾದರೂ ಸೇವಿಸುವ ಸಾರವಾದರೆ ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮ್ಯಾಟೊಗ್ರಫಿ (ಸಾರದಿಂದ ಏಳುವ ಆವಿಯಲ್ಲಿನ ದ್ರಾವಕವನ್ನು ಅಳೆಯುವ ಪ್ರಯೋಗಾಲಯದ ಪರೀಕ್ಷೆ) ವರದಿ ಇಲ್ಲದೆ ಕೈದಾಟಿಸಬಾರದು. ಆಹಾರಕ್ಕೆ ಮಿತಿಗಳು ಬೇರೆ, ದೇಶದಿಂದ ದೇಶಕ್ಕೂ ಬೇರೆ. ಅನ್ವಯಿಸುವ ನಿಯಮ ನೋಡಿಯೇ ಮುಂದುವರಿಯಿರಿ.

ಕೆಲಸ ಮುಗಿದ ದಿನವೇ ಟ್ರ್ಯಾಪ್‌ನ ದ್ರಾವಕವನ್ನು ಲೇಬಲ್ ಹಚ್ಚಿದ ಡಬ್ಬಕ್ಕೆ ಸುರಿಯಿರಿ, ಚರಂಡಿಗೆ ಬೇಡ. ಡಯಾಫ್ರಾಮ್ ಪಂಪ್ ಅನ್ನು ಹತ್ತು ನಿಮಿಷ ಬರೀ ಗಾಳಿ ಎಳೆಯಲು ಬಿಟ್ಟರೆ ಒಳಗಿನ ದ್ರವ ಒಣಗುತ್ತದೆ. ಗಾಜಿನ ಮುಚ್ಚಳವನ್ನು ಲೋಹದ ಕರಂಡಿಯಿಂದ ಕೆರೆಯಬೇಡಿ, ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಅಂಚಿನ ಮೇಲೆ ಬೆರಳಿನ ಉಗುರು ಆಡಿಸಿ ನೋಡಿ: ಎಲ್ಲಾದರೂ ಸಿಕ್ಕಿಕೊಂಡರೆ ಆ ಮುಚ್ಚಳವನ್ನು ಮತ್ತೆ ನಿರ್ವಾತಕ್ಕೆ ಹಾಕದೆ ಬದಲಾಯಿಸಿ.